ಗಾನವಿಶಾರದ ಬಿಡಾರಂ ಕೃಷ್ಣಪ್ಪನವರು

ಧರ್ಮಕೇಂದ್ರವೊಂದು ನೂರು ವರ್ಷಗಳನ್ನು ಪೂರೈಸಿದ ಶುಭವೇಳೆಯಲ್ಲಿ, ಅದನ್ನು ಕಟ್ಟಿ ಬೆಳೆಸಿದವರನ್ನು ಕೃತಜ್ಞತೆಯಿಂದ ಸ್ಮರಿಸುವುದು ನಮ್ಮಲ್ಲಿ ನಡೆದು ಬಂದ ಸತ್ಸಂಪ್ರದಾಯ. ನಿವೇಶನವನ್ನು ದಾನವಿತ್ತವರು, ಮುರಕಲ್ಲು ಹೊತ್ತು ಗೋಡೆಯೆಬ್ಬಿಸಿದವರು, ಗಂಟೆಯನ್ನು ತರಿಸಿಕೊಟ್ಟವರು, ಮಳೆ ಚಳಿಯೆನ್ನದೆ ಗುಡ್ಡ ತೋಟಗಳನ್ನು ದಾಟಿ ರೋಗಿಗಳ ಮನೆಗೆ ನಡೆದ ಧರ್ಮಗುರುಗಳು, ಇವರೆಲ್ಲರ ಹೆಸರು ಇಂತಹ ಸಂಚಿಕೆಗಳಲ್ಲಿ ಸೇರಿಯೇ ಸೇರುತ್ತದೆ. ಜ್ಞಾನಸ್ನಾನ ಪಡೆದವರ ಹೆಸರು, ವಿವಾಹವಾದವರ ಹೆಸರು, ಮರಣ ಹೊಂದಿದವರ ಹೆಸರು ಇಗರ್ಜಿಯ ದಫ್ತರಗಳಲ್ಲಿ ಭದ್ರವಾಗಿವೆ. ಆದರೆ ಬಲಿಪೂಜೆಯಲ್ಲಿ ಹಾಡಿದವರ ಹೆಸರು, ಅದಕ್ಕಿಂತಲೂ ಮಿಗಿಲಾಗಿ ಹಾಡಲು ಕಲಿಸಿದವರ ಹೆಸರು, ಯಾವ ದಫ್ತರದಲ್ಲಿಯೂ ದೊರೆಯದು. ಹಾಡು ಗಾಳಿಯಲ್ಲಿ ಹುಟ್ಟಿ ಗಾಳಿಯಲ್ಲಿ ಲೀನವಾಗುವಂತೆ, ಅದನ್ನು ಕಲಿಸಿದವರೂ ಮರೆಯಾಗಿಬಿಡುತ್ತಾರೆ.

ಈ ಋಣವನ್ನು ಸ್ವಲ್ಪವಾದರೂ ತೀರಿಸಬೇಕೆಂಬ ಆಸೆಯಿಂದ, ಸಂಗೀತ ಗುರುವೊಬ್ಬರ ಬಾಳನ್ನು ವಾಚಕರ ಮುಂದಿಡಲು ನಾವು ಬಯಸಿದ್ದೇವೆ. ಅವರು ಕ್ರೈಸ್ತರಲ್ಲ. ಆದರೆ ನಮ್ಮವರಲ್ಲವೆನ್ನಲು ನಮಗೆ ಮನಸ್ಸು ಬಾರದು. ಅವರು ಹುಟ್ಟಿದ್ದು ನಮ್ಮ ತುಳುನಾಡಿನಲ್ಲಿ. ಅವರ ತಾಯಿನುಡಿ ನಮ್ಮಲ್ಲಿ ಬಹುಪಾಲು ಮಂದಿ ಮನೆಯಲ್ಲಾಡುವ ಅದೇ ಕೊಂಕಣಿ. ಅವರೇ ಮೈಸೂರು ಆಸ್ಥಾನದ ವಿದ್ವಾಂಸರಾಗಿ ಕೀರ್ತಿಶಾಲಿಗಳಾದ ಗಾನವಿಶಾರದ ಬಿಡಾರಂ ಕೃಷ್ಣಪ್ಪನವರು.

ಜನನ ಮತ್ತು ಬಾಲ್ಯ

ಕೃಷ್ಣಪ್ಪನವರು ಜನಿಸಿದ್ದು 1866ರಲ್ಲಿ, ಕಾರ್ಕಳದ ಸಮೀಪದ ನಂದಳಿಕೆಯಲ್ಲಿ. ಇದು ಇಂದು ಉಡುಪಿ ಜಿಲ್ಲೆಗೆ ಸೇರಿದ್ದರೂ ಆಗ ದಕ್ಷಿಣ ಕನ್ನಡದ ಭಾಗವಾಗಿದ್ದಿತು. ನಂದಳಿಕೆಯೆಂದೊಡನೆ ಕನ್ನಡಿಗರಿಗೆ ನೆನಪಾಗುವುದು ಮುದ್ದಣ ಕವಿ. ನಂದಳಿಕೆ ಲಕ್ಷ್ಮೀನಾರಣಪ್ಪನವರು ಅಲ್ಲಿ ಹುಟ್ಟಿದ್ದು 1870ರಲ್ಲಿ, ಕೃಷ್ಣಪ್ಪನವರಿಗಿಂತ ನಾಲ್ಕು ವರ್ಷ ತಡವಾಗಿ. ಒಂದೇ ಹಳ್ಳಿಯಲ್ಲಿ, ಒಂದೇ ಕಾಲಕ್ಕೆ, ಒಬ್ಬರು ಸಾಹಿತ್ಯಕ್ಕೂ ಇನ್ನೊಬ್ಬರು ಸಂಗೀತಕ್ಕೂ ಮೀಸಲಾಗಿ ಹುಟ್ಟಿದರೆಂಬುದು ನಮ್ಮ ಜಿಲ್ಲೆಯವರು ಹೆಮ್ಮೆಪಡಬೇಕಾದ ಸಂಗತಿ. ಇಬ್ಬರನ್ನೂ ಬಡತನವು ಬಿಡದೆ ಕಾಡಿತು. ಮುದ್ದಣನನ್ನು ಅದು ಕ್ಷಯರೋಗದೊಡನೆ ಸೇರಿ 1901ರಲ್ಲಿ, ಎಳೆಯ ಪ್ರಾಯದಲ್ಲೇ ಕೊಂಡೊಯ್ದಿತು. ಕೃಷ್ಣಪ್ಪನವರು ಮಾತ್ರ ಅದನ್ನು ದಾಟಿ ಬದುಕಿದರು.

ಕೃಷ್ಣಪ್ಪನವರದು ಯಕ್ಷಗಾನದ ಮನೆತನ. ಚೆಂಡೆ ಮದ್ದಳೆಗಳ ನಾದವನ್ನು ಕೇಳುತ್ತಲೇ ನಿದ್ದೆಹೋಗಿ ಅದನ್ನು ಕೇಳುತ್ತಲೇ ಎಚ್ಚರಗೊಳ್ಳುವ ಮಕ್ಕಳು ನಮ್ಮ ಪುತ್ತೂರು ಸುಳ್ಯಗಳ ಕಡೆಯಲ್ಲಿಯೂ ಇದ್ದಾರೆ. ಆ ಸಂಸ್ಕಾರವೆಂಥದೆಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತಾರಸ್ಥಾಯಿಯಲ್ಲಿ ಹಾಡಿ ಬಯಲಿನ ಕೊನೆಯವರೆಗೂ ಕೇಳಿಸುವ ಭಾಗವತರ ಕಂಠ, ಕುಣಿತಕ್ಕೆ ತಪ್ಪದೆ ಒದಗುವ ತಾಳ, ಇವೆರಡೂ ಬಾಲಕನಿಗೆ ಪಾಠವೆಂದು ಯಾರೂ ಹೇಳಿಕೊಡದೆ ಬಂದ ಆಸ್ತಿ. ಬಿಡಾರವೆಂದರೆ ತಂಗುವ ಮನೆ. ಊರಿಂದೂರಿಗೆ ಬಿಡಾರ ಬದಲಿಸುತ್ತ ಸಾಗುವ ಕಲಾವಿದರ ಮನೆತನಕ್ಕೆ ಆ ಹೆಸರು ಒಪ್ಪುವಂತಿದೆ.

ತುಳುನಾಡಿನಿಂದ ಮೈಸೂರಿಗೆ ಹೋಗುವ ಹಳೆಯ ಹಾದಿಗಳಲ್ಲಿ ಒಂದು ನಮ್ಮ ಮನೆಬಾಗಿಲಿನಲ್ಲಿಯೇ ಇದೆ. ಮಾಣಿಯಿಂದ ಕಬಕ, ಪುತ್ತೂರು, ಸುಳ್ಯ, ಸಂಪಾಜೆಗಳನ್ನು ಹಾದು, ಘಟ್ಟವೇರಿ, ಮಡಿಕೇರಿಯ ಮೂಲಕ ಮೈಸೂರನ್ನು ಸೇರುವ ಹಾದಿಯದು. ಘಟ್ಟದ ಮೇಲಿನ ಆ ಸೀಮೆಯನ್ನು ನೆನೆದರೆ ನಮ್ಮ ಸಮುದಾಯದ ಹಿರಿಯರಿಗೆ ಸಂತೋಷದ ನೆನಪುಗಳಿರಲಿಲ್ಲ. 1784ರಲ್ಲಿ ಟಿಪ್ಪು ಸುಲ್ತಾನನ ಸೈನಿಕರು ನಮ್ಮ ಪೂರ್ವಜರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ಉಳಿದವರು ಮರಳಿದ್ದು 1799ರ ಬಳಿಕ. ಅದೇ ಸೀಮೆಗೆ, ಮುಂದಿನ ಶತಮಾನದಲ್ಲಿ, ಕೊಂಕಣಿ ನುಡಿಯ ಬಾಲಕನೊಬ್ಬನು ಸಂಗೀತದ ಬಲದಿಂದ ಹೋಗಿ, ರಾಜಸಭೆಯಲ್ಲಿ ಗೌರವದ ಪೀಠವನ್ನು ಪಡೆದನೆಂಬುದನ್ನು ನೋಡಿದರೆ, ಕಾಲಚಕ್ರದ ಗತಿ ಎಷ್ಟು ವಿಚಿತ್ರವೆನಿಸುತ್ತದೆ.

ಆ ಗೌರವವೇನೂ ಕೇಳಿದೊಡನೆ ಕೈಗೂಡಲಿಲ್ಲ. ಬಾಲ್ಯದಲ್ಲಿ ಅವರು ಹೊಟ್ಟೆಗಿಲ್ಲದೆ ಬಳಲಿದರು. ಹಸಿದ ಹುಡುಗನು ಹಾಡಿಕೊಳ್ಳುತ್ತಿದ್ದುದನ್ನು ಸಂಗೀತಪ್ರೇಮಿಯಾದ ವರ್ತಕರೊಬ್ಬರು ಕೇಳಿ, ಆ ಕಂಠಕ್ಕೆ ಮನಸೋತು, ಅವನನ್ನು ಗುರುಗಳ ಬಳಿಗೆ ಸೇರಿಸಿದರೆಂದು ಮೈಸೂರಿನ ಸಂಗೀತಗಾರರ ವಲಯದಲ್ಲಿ ಹೇಳುತ್ತ ಬಂದಿದ್ದಾರೆ. ಆ ವರ್ತಕರು ಹಸಿದ ಮಗುವಿಗೆ ನಾಲ್ಕು ಕಾಸು ಕೊಟ್ಟು ತಮ್ಮ ದಾರಿ ಹಿಡಿದಿದ್ದರೆ ಅದೂ ಧರ್ಮವೇ ಆಗುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಹಸಿವನ್ನು ಕಂಡಂತೆ ಪ್ರತಿಭೆಯನ್ನೂ ಕಂಡರು. ಕರ್ಣಾಟಕ ಸಂಗೀತದ ಚರಿತ್ರೆಯಲ್ಲಿ ಒಂದು ಮುಖ್ಯ ಅಧ್ಯಾಯವು ಹೀಗೆ ಬೀದಿಯಲ್ಲಿ ನಿಂತು ಕಿವಿಗೊಟ್ಟ ಒಬ್ಬ ಗೃಹಸ್ಥನ ದಯೆಯಿಂದ ಆರಂಭವಾಯಿತು.

ಆಸ್ಥಾನ ವಿದ್ವಾಂಸ

ಆ ಕಾಲದ ಮೈಸೂರು ವಿದ್ವಾಂಸರ ನೆಲೆವೀಡು. 1881ರಲ್ಲಿ ರಾಜ್ಯವು ಮರಳಿ ಒಡೆಯರ ವಶಕ್ಕೆ ಬಂದು ಚಾಮರಾಜ ಒಡೆಯರು ಪಟ್ಟವೇರಿದ ಮೇಲೆ ಸಂಗೀತಕ್ಕೆ ಹೊಸ ಕಳೆ ಬಂತು. 1894ರಲ್ಲಿ ಅವರು ಅಕಾಲ ಮರಣಕ್ಕೆ ತುತ್ತಾದರೂ, ಅವರ ಪುತ್ರ ನಾಲ್ವಡಿ ಕೃಷ್ಣರಾಜ ಒಡೆಯರು ಕಲೆಗಳ ಪೋಷಣೆಯನ್ನು ಇಮ್ಮಡಿಸಿದರು. ವೀಣೆ ಶೇಷಣ್ಣ, ವೀಣೆ ಸುಬ್ಬಣ್ಣ, ಕರಿಗಿರಿರಾಯ, ವಾಸುದೇವಾಚಾರ್ಯರಂತಹ ಘನ ವಿದ್ವಾಂಸರು ಅಲ್ಲಿ ಬೆಳಗುತ್ತಿದ್ದರು. ಅಂತಹ ಸಭೆಯಲ್ಲಿ ಹೆಸರು ಪಡೆಯುವುದು ಸುಲಭದ ಮಾತಲ್ಲ. ಕರಿಗಿರಿರಾಯರು ಮತ್ತು ವೀಣೆ ಶೇಷಣ್ಣನವರಂತಹ ಹಿರಿಯರ ಮಾರ್ಗದರ್ಶನದಲ್ಲಿ ಕೃಷ್ಣಪ್ಪನವರ ವಿದ್ಯೆ ಪಕ್ವವಾಯಿತು. ಅವರು ಆಸ್ಥಾನ ವಿದ್ವಾಂಸರಾದರು. ಗಾನವಿಶಾರದರೆಂಬ ಬಿರುದು ಅವರ ಹೆಸರಿನ ಅಂಗವೇ ಆಗಿಹೋಯಿತು.

ಧ್ವನಿವರ್ಧಕವಿಲ್ಲದ ದಿನಗಳವು. ಸಾವಿರ ಮಂದಿ ಕುಳಿತ ಚಪ್ಪರದಲ್ಲಿ ಹಾಡುಗಾರನು ತನ್ನ ಕಂಠವೊಂದನ್ನೇ ನಂಬಬೇಕಾಗಿತ್ತು. ಕಚೇರಿಗಳು ಮೂರು ನಾಲ್ಕು ಗಂಟೆಗಳ ಕಾಲ ಸಾಗುತ್ತಿದ್ದವು. ಕೃಷ್ಣಪ್ಪನವರದು ತುಂಬಿದ ಗಂಭೀರ ಶಾರೀರವೆಂದು ಕೇಳಿದವರು ಬಣ್ಣಿಸಿದ್ದಾರೆ. ಆದರೆ ಶಾರೀರ ದೈವದತ್ತವಾದುದು, ಅದರಿಂದಲೇ ಯಾರೂ ದೊಡ್ಡವರಾಗುವುದಿಲ್ಲ. ಅವರ ಹಿರಿಮೆಯಿದ್ದುದು ಶ್ರುತಿಶುದ್ಧಿಯಲ್ಲಿ. ತಂಬೂರಿಯ ತಂತಿಗಳಿಂದ ಎಡೆಬಿಡದೆ ಹೊಮ್ಮುವ ಷಡ್ಜ ಪಂಚಮಗಳಿಗೆ ಹಾಡುಗಾರನ ಒಂದೊಂದು ಸ್ವರವೂ ಕೂದಲೆಳೆಯಷ್ಟೂ ತಪ್ಪದೆ ಹೊಂದಬೇಕು. ಹೊಂದಿದಾಗ ಕಂಠ ಮತ್ತು ತಂತಿ ಒಂದೇ ಆಗಿ, ಕೇಳುವವನಿಗೆ ಇದು ಮನುಷ್ಯನ ಪ್ರಯತ್ನವೆಂಬುದೇ ಮರೆತುಹೋಗುತ್ತದೆ. ಹೊಂದದಿದ್ದಾಗ ಎಂತಹ ಪಾಂಡಿತ್ಯವೂ ವ್ಯರ್ಥ. ಈ ವಿಷಯದಲ್ಲಿ ಅವರು ತಮಗೂ ರಿಯಾಯಿತಿ ತೋರಲಿಲ್ಲ, ಶಿಷ್ಯರಿಗೂ ತೋರಲಿಲ್ಲ.

ಪಲ್ಲವಿಯನ್ನು ಹಾಡುವುದರಲ್ಲಿಯೂ ಅವರು ನಿಷ್ಣಾತರು. ಪಲ್ಲವಿಯೆಂದರೆ ಒಂದೇ ಒಂದು ಸಾಲಿನ ಸಾಹಿತ್ಯ. ಅದನ್ನು ತಾಳದ ಒಂದು ಆವರ್ತದಲ್ಲಿ ಅಳವಡಿಸಿ, ಕಾಲವನ್ನು ಇಮ್ಮಡಿಸಿ ಮತ್ತೆ ಅರ್ಧಕ್ಕಿಳಿಸಿ, ಸ್ವರಗಳನ್ನು ಹೆಣೆದು, ಎಲ್ಲಿಗೆ ಹೋದರೂ ಸರಿಯಾದ ಎಡೆಗೆ ಮರಳಿ ಬಂದು ನಿಲ್ಲುವ ಕಸರತ್ತು ಅದು. ಯಕ್ಷಗಾನದ ತಾಳದ ಮಡಿಲಲ್ಲಿ ಬೆಳೆದ ಮನೆತನದವರಿಗೆ ಅದು ರಕ್ತದಲ್ಲಿಯೇ ಬಂದಿದ್ದರೆ ಅಚ್ಚರಿಯೇನು?

ಕನ್ನಡಕ್ಕೆ ಕಚೇರಿಯಲ್ಲಿ ಮಣೆ

ಇವೆಲ್ಲಕ್ಕಿಂತಲೂ ನಮ್ಮ ಗಮನವನ್ನು ಸೆಳೆಯುವುದು ಅವರ ಇನ್ನೊಂದು ಸೇವೆ. ಆಗಿನ ಕಚೇರಿಗಳಲ್ಲಿ ತೆಲುಗು ಮತ್ತು ಸಂಸ್ಕೃತ ಕೃತಿಗಳದೇ ಪ್ರಾಬಲ್ಯ. ಪುರಂದರದಾಸರು ಕರ್ಣಾಟಕ ಸಂಗೀತದ ಪಿತಾಮಹರೆಂದು ಎಲ್ಲರೂ ಕೈಮುಗಿಯುತ್ತಿದ್ದರು. ಅವರು ಹಾಕಿಕೊಟ್ಟ ಸರಳೆ ವರಸೆಗಳಿಂದಲೇ ಮಕ್ಕಳ ಪಾಠ ಆರಂಭವಾಗುತ್ತಿತ್ತು. ಆದರೆ ಅವರ ಕನ್ನಡ ಪದಗಳು ಭಜನೆಯ ಮನೆಗಳಲ್ಲಿಯೂ ಅಡುಗೆಮನೆಗಳಲ್ಲಿಯೂ ಉಳಿದಿದ್ದವೇ ಹೊರತು, ವಿದ್ವತ್ಸಭೆಯ ಮುಂದೆ ವಿಸ್ತಾರವಾಗಿ ಹಾಡತಕ್ಕವೆಂದು ಬಹುಮಂದಿ ಎಣಿಸಿರಲಿಲ್ಲ. ಕೃಷ್ಣಪ್ಪನವರು ದೇವರನಾಮಗಳನ್ನು ಕಚೇರಿಯಲ್ಲಿ ಮನತುಂಬಿ ಹಾಡಿದರು. ಶಾಸ್ತ್ರದ ಬಿಗುವಿನ ಜೊತೆಗೆ ಮಾತಿನ ಅರ್ಥವೂ ಕೇಳುಗನ ಹೃದಯಕ್ಕೆ ಇಳಿಯುವಂತೆ ಹಾಡಿದರು. ಕನ್ನಡ ನಾಡಿನ ಸಭೆಯಲ್ಲಿ ಕನ್ನಡಕ್ಕೆ ಮಣೆ ಹಾಕಿದವರಲ್ಲಿ ಅವರು ಅಗ್ರಗಣ್ಯರು. ತಾಯಿನುಡಿ ಕೊಂಕಣಿಯಾದವರೊಬ್ಬರು ಈ ಸೇವೆಗೆ ಮುಂದಾದರೆಂಬುದನ್ನು ನಾವು ವಿಶೇಷವಾಗಿ ನೆನೆಯಬೇಕು.

ಈ ಮಾತು ನಮ್ಮ ಇಗರ್ಜಿಗಳ ಅನುಭವಕ್ಕೆ ದೂರವಾದುದಲ್ಲ. ನಮ್ಮ ಹಿರಿಯರು ಬಲಿಪೂಜೆಯನ್ನು ಲ್ಯಾಟಿನ್ ಭಾಷೆಯಲ್ಲಿ ಕೇಳಿದರು. ಆ ರಾಗಗಳ ಗಾಂಭೀರ್ಯ ಅವರ ಕಿವಿಯಲ್ಲಿ ಕೊನೆಯವರೆಗೂ ಉಳಿದಿತ್ತು. ಅರ್ಥ ಮಾತ್ರ ಅನೇಕರ ಪಾಲಿಗೆ ಮರೆಯಾಗಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ ತಿಂಗಳಲ್ಲಿ ಪವಿತ್ರ ಆರಾಧನೆಯ ಕುರಿತು ಹೊರಡಿಸಿದ ಸಂವಿಧಾನದಲ್ಲಿ ಜನರಾಡುವ ನುಡಿಗೆ ಬಾಗಿಲು ತೆರೆಯಿತು. ಆಯಾ ಜನಾಂಗದ ಸಂಗೀತ ಪರಂಪರೆಗೆ ತಕ್ಕ ಗೌರವ ಸಲ್ಲಬೇಕೆಂದೂ ವಿಧಿಸಿತು. ಅಂದಿನಿಂದ ನಮ್ಮ ಪೀಠದ ಮುಂದೆ ಕನ್ನಡ ಕೊಂಕಣಿಗಳ ಹಾಡು ಕೇಳಿಬರುತ್ತಿದೆ. ಹಾರ್ಮೋನಿಯಂ, ತಬಲಗಳು ಒಳಗೆ ಬಂದಿವೆ. ಅರಿತು ಹಾಡುವ ಈ ಭಾಗ್ಯ ನಮಗೆ ದೊರೆಯುವ ದಶಕಗಳ ಮೊದಲೇ, ಇನ್ನೊಂದು ಕ್ಷೇತ್ರದಲ್ಲಿ, ಕೇಳುವವನ ನುಡಿಯಲ್ಲಿ ಹಾಡಬೇಕೆಂಬ ಸತ್ಯವನ್ನು ಕೃಷ್ಣಪ್ಪನವರು ಕಂಡುಕೊಂಡಿದ್ದರು.

ಗುರುವಾಗಿ ಕೃಷ್ಣಪ್ಪನವರು

ಹಾಡುಗಾರನ ಕೀರ್ತಿ ಅವನೊಡನೆ ಮುಗಿಯುತ್ತದೆ. ಗುರುವಿನ ಕೀರ್ತಿ ಶಿಷ್ಯರಲ್ಲಿ ಮುಂದುವರಿಯುತ್ತದೆ. ಕೃಷ್ಣಪ್ಪನವರ ನಿಜವಾದ ಸ್ಮಾರಕವಿರುವುದು ಇಲ್ಲಿ.

1910ರಲ್ಲಿ, ಕಾವೇರಿ ಕಪಿಲೆಗಳ ಸಂಗಮಸ್ಥಾನವಾದ ತಿರುಮಕೂಡಲಿನಿಂದ, ಒಕ್ಕಲುತನದ ಮನೆತನದ ಹುಡುಗನೊಬ್ಬನು ಅವರ ಬಳಿ ಪಿಟೀಲು ಕಲಿಯಲು ಬಂದು ಸೇರಿದನು. ಸಂಗೀತವು ಕೆಲವೇ ಮನೆತನಗಳ ಸೊತ್ತೆಂಬ ಭಾವನೆ ಬಲವಾಗಿದ್ದ ದಿನಗಳವು. ಕೃಷ್ಣಪ್ಪನವರು ಹುಡುಗನ ಕುಲವನ್ನು ನೋಡಲಿಲ್ಲ, ಕಿವಿಯನ್ನು ನೋಡಿದರು. ತಮ್ಮನ್ನು ಬಾಲ್ಯದಲ್ಲಿ ಒಬ್ಬರು ಹೀಗೆಯೇ ಗುರುತಿಸಿದ್ದರೆಂಬುದು ಅವರಿಗೆ ಮರೆತಿರಲಾರದು. ಆ ಹುಡುಗನೇ ಮುಂದೆ ಜಗದ್ವಿಖ್ಯಾತನಾದ ಪಿಟೀಲು ಚೌಡಯ್ಯ.

ಚೌಡಯ್ಯನವರು ಸುಮಾರು ಹದಿನೆಂಟು ವರ್ಷಗಳ ಕಾಲ ಗುರುಗಳ ಸನ್ನಿಧಿಯಲ್ಲಿದ್ದರು. ಇಂದಿನವರಿಗೆ ಈ ಸಂಖ್ಯೆಯೇ ನಂಬಲಾಗದ್ದು. ಅದು ತಿಂಗಳಿಗಿಷ್ಟು ಪಾಠವೆಂಬ ಲೆಕ್ಕದ ಕಲಿಕೆಯಲ್ಲ, ಗುರುಕುಲವಾಸ. ಬೆಳಗಿನ ಜಾವದಲ್ಲೆದ್ದು ಸಾಧನೆ, ಗುರುಗಳ ಮನೆಯ ಕೆಲಸ, ಗುರುಗಳು ಹಾಡುವಾಗ ಹಿಂದೆ ಕುಳಿತು ಕೇಳುವುದು, ತಪ್ಪಿದಾಗ ಕಠಿಣವಾದ ಶಿಕ್ಷೆ, ಇದೇ ದಿನಚರಿ. ಒಂದು ಸ್ವರಸಮೂಹವನ್ನು ಬೆರಳು ತಾನಾಗಿಯೇ ಹಿಡಿಯುವವರೆಗೆ ನೂರಾರು ಸಲ ನುಡಿಸಬೇಕು. ಹಾಡಲು ಬಾರದವನು ನುಡಿಸಲಾರನೆಂಬುದು ಆ ಪರಂಪರೆಯ ನಂಬಿಕೆ. ಆದುದರಿಂದ ಪಿಟೀಲಿನವನಿಗೂ ಮೊದಲು ಹಾಡುಗಾರಿಕೆಯ ಪಾಠವೇ. ಗುರುಗಳ ಕೋಪ ಪ್ರಸಿದ್ಧವಾಗಿತ್ತು. ಅದನ್ನು ಸಹಿಸಲಾರದೆ ಹಿಂದೆ ಸರಿಯುವುದು ಯಾವ ಹುಡುಗನಿಗೂ ಸುಲಭವಾಗಿತ್ತು. ಚೌಡಯ್ಯ ಸರಿಯಲಿಲ್ಲ. ಪಕ್ಕವಾದ್ಯಗಾರನಾಗಿ ಗುರುವಿನ ಬಳಿಯಲ್ಲಿಯೇ ಕುಳಿತು ನುಡಿಸುವ ಅರ್ಹತೆಯನ್ನು ಗಳಿಸಿದರು.

ಅಷ್ಟು ಕಠಿಣವಾದ ಶಿಸ್ತು ಶಿಷ್ಯನ ಸ್ವಂತ ಬುದ್ಧಿಯನ್ನು ಕುಗ್ಗಿಸಿಬಿಡುವುದಿಲ್ಲವೇ ಎಂಬ ಸಂದೇಹ ವಾಚಕರಿಗೆ ಬರಬಹುದು. ನಮಗೂ ಬಂದುದುಂಟು. ಇದಕ್ಕೆ ಉತ್ತರ ಚೌಡಯ್ಯನವರ ಏಳು ತಂತಿಯ ಪಿಟೀಲಿನಲ್ಲಿದೆ. ದೊಡ್ಡ ಸಭೆಗಳಲ್ಲಿ ನಾಲ್ಕು ತಂತಿಯ ಪಿಟೀಲಿನ ನಾದ ಹಿಂದೆ ಕುಳಿತವರಿಗೆ ಕೇಳಿಸುತ್ತಿರಲಿಲ್ಲ. ಚೌಡಯ್ಯನವರು ಮತ್ತೆ ಮೂರು ತಂತಿಗಳನ್ನು ಜೋಡಿಸಿ, ಒಂದೇ ಕಮಾನಿನ ಎಳೆತಕ್ಕೆ ಸ್ವರವೂ ಅದರ ಇನ್ನೊಂದು ಸ್ಥಾಯಿಯೂ ಒಟ್ಟಿಗೆ ಮೊಳಗುವಂತೆ ಮಾಡಿದರು. ಸಂಪ್ರದಾಯನಿಷ್ಠರಾದ ಗುರುಗಳು ಏನೆನ್ನುವರೋ ಎಂಬ ಅಳುಕಿನಿಂದ ಮೊದಲು ಗುಟ್ಟಾಗಿ ಅಭ್ಯಾಸ ಮಾಡಿದರೆಂದೂ, ಗುರುಗಳು ಕೇಳಿ ಮೆಚ್ಚಿದ ಮೇಲೆಯೇ ಅದನ್ನು ಧೈರ್ಯದಿಂದ ಬಳಸಿದರೆಂದೂ ಹೇಳುತ್ತಾರೆ. ಶ್ರುತಿಯಲ್ಲಿ ಎಳ್ಳಷ್ಟು ವ್ಯತ್ಯಾಸವನ್ನೂ ಕ್ಷಮಿಸದ ಗುರು, ಶಿಷ್ಯನ ಹೊಸ ಮಾರ್ಗಕ್ಕೆ ಅಡ್ಡಿಯಾಗಲಿಲ್ಲ. ಬುನಾದಿ ಗಟ್ಟಿಯಾಗಿದ್ದರೆ ಮೇಲಿನ ಮಾಳಿಗೆಯನ್ನು ಮಗ ತನ್ನಿಷ್ಟದಂತೆ ಕಟ್ಟಿಕೊಳ್ಳಲೆಂಬ ಹಿರಿಯರ ಔದಾರ್ಯವದು.

ಚೌಡಯ್ಯನವರಿಗೆ 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಗೌರವ ದೊರೆಯಿತು. ಅವರು ನಿಧನರಾದುದು 1967ರಲ್ಲಿ. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲಿಯೇ ಎದ್ದುನಿಂತ ಸ್ಮಾರಕ ಭವನವನ್ನು ನಮ್ಮ ವಾಚಕರಲ್ಲಿ ಅನೇಕರು ನೋಡಿರಬಹುದು. ಆ ಕಟ್ಟಡವನ್ನು ಕಂಡಾಗ, ಅದರ ಅಡಿಗಲ್ಲು ನಂದಳಿಕೆಯಲ್ಲಿ ಹುಟ್ಟಿದ ಗುರುವೊಬ್ಬರ ಮನೆಯಲ್ಲಿದೆಯೆಂಬುದನ್ನು ನೆನೆದರೆ ಸಾಕು.

ಇನ್ನೂ ಇಬ್ಬರ ಹೆಸರನ್ನಾದರೂ ಹೇಳದೆ ಮುಂದೆ ಸಾಗಲಾಗದು. ಹಾಡುಗಾರಿಕೆಯೊಡನೆ ಜಲತರಂಗ ಮೊದಲಾದ ವಾದ್ಯಗಳಲ್ಲಿಯೂ ಪರಿಣತರಾಗಿ ಮೈಸೂರು ಆಸ್ಥಾನವನ್ನು ಅಲಂಕರಿಸಿದ ಬಿ. ದೇವೇಂದ್ರಪ್ಪನವರು ಇವರ ಶಿಷ್ಯರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತೆಲುಗು ಅಧ್ಯಾಪಕರಾಗಿದ್ದು, ಮುಂದೆ ತಿರುಪತಿಯಲ್ಲಿ ಅನ್ನಮಾಚಾರ್ಯರ ಪದಗಳಿಗೆ ರಾಗಸಂಯೋಜನೆ ಮಾಡಿ ಮರುಜೀವವಿತ್ತ ವಿದ್ವಾಂಸ ರಾಳ್ಲಪಲ್ಲಿ ಅನಂತಕೃಷ್ಣ ಶರ್ಮರೂ ಇವರಲ್ಲಿ ಸಂಗೀತಾಭ್ಯಾಸ ಮಾಡಿದವರೇ. ಒಬ್ಬರು ಪಿಟೀಲುಗಾರ, ಒಬ್ಬರು ಗಾಯಕ, ಒಬ್ಬರು ಪಂಡಿತ. ಮೂವರೂ ಮೂರು ದಾರಿ ಹಿಡಿದರು. ಒಂದೇ ಅಚ್ಚಿನ ಬೊಂಬೆಗಳನ್ನು ಎರಕಹೊಯ್ಯುವ ಗುರುವಿನ ಮನೆಯಿಂದ ಇಂತಹವರು ಹೊರಬರಲಾರರು.

ಸಂಪಾದನೆಯಿಂದ ಮಂದಿರ

ರಾಜಾಶ್ರಯವೂ ಕಚೇರಿಗಳ ಸಂಭಾವನೆಯೂ ಕೃಷ್ಣಪ್ಪನವರ ಬಡತನವನ್ನು ನೀಗಿಸಿದವು. ಬಾಲ್ಯದಲ್ಲಿ ಉಂಡು ಮಲಗಲು ಗತಿಯಿಲ್ಲದವರು ಕೈಗೆ ಬಂದುದನ್ನು ಬಚ್ಚಿಟ್ಟಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಅವರು ಶ್ರೀರಾಮನ ಪರಮಭಕ್ತರು. ಮೈಸೂರಿನ ಶಿವರಾಂಪೇಟೆಯಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಲು ತಮ್ಮ ಸಂಪಾದನೆಯನ್ನು ಸುರಿದರು. ಅದು ಪೂಜೆಯ ಸ್ಥಳವಾದಂತೆಯೇ ಸಂಗೀತದ ಸ್ಥಳವೂ ಆಯಿತು. ಭಕ್ತನು ಕಟ್ಟಿಸಿದ ಗುಡಿಯಲ್ಲಿ ಗಾಯಕನ ನಾದವೇ ನೈವೇದ್ಯವಾಯಿತು. ಇಂದಿಗೂ ಮೈಸೂರಿಗರು ಅದನ್ನು ಬಿಡಾರಂ ಕೃಷ್ಣಪ್ಪನವರ ರಾಮಮಂದಿರವೆಂದೇ ಕರೆಯುತ್ತಾರೆ.

ಮತಗಳು ಬೇರೆಯಾದರೂ ಈ ತ್ಯಾಗದ ಬೆಲೆ ನಮಗೆ ತಿಳಿಯದುದಲ್ಲ. ನಮ್ಮ ಹಳ್ಳಿಗಳ ಇಗರ್ಜಿಗಳೂ ಸಿರಿವಂತರ ಬೊಕ್ಕಸದಿಂದ ಎದ್ದವಲ್ಲ. ಅಡಿಕೆಯ ಕೊಯಿಲಿನಲ್ಲೊಂದು ಪಾಲು, ಕೂಲಿಯಲ್ಲೊಂದು ದಿನದ ದುಡಿಮೆ, ಹಿತ್ತಿಲಿನ ಮೊದಲ ಫಲ, ಹೀಗೆ ಕೂಡಿಸಿದ ಕಾಣಿಕೆಯಿಂದಲೇ ಗೋಡೆ ಮೇಲೆದ್ದಿತು. ತಾನು ಪಡೆದುದು ತನ್ನದಲ್ಲ, ಕೊಟ್ಟವನಿಗೆ ಮರಳಿ ಸಲ್ಲಬೇಕಾದುದೆಂಬ ಅರಿವು ಎರಡೆಡೆಯಲ್ಲೂ ಒಂದೇ.

ಕೃಷ್ಣಪ್ಪನವರು 1931ರಲ್ಲಿ, ತಮ್ಮ ಅರುವತ್ತೈದನೆಯ ವಯಸ್ಸಿನಲ್ಲಿ, ಇಹಲೋಕ ಯಾತ್ರೆಯನ್ನು ಮುಗಿಸಿದರು.

ನಮಗೆ ಉಳಿದ ಪಾಠ

ಈ ಬಾಳಿನಿಂದ ನಾವು ಕಲಿಯತಕ್ಕ ಪಾಠವೇನು? ನಮ್ಮ ಧರ್ಮಸಭೆಯಲ್ಲಿಯೂ ಸಂಗೀತ ಗುರುಗಳ ದೀರ್ಘ ಪರಂಪರೆಯಿದೆ. ಸಾವಿರ ವರ್ಷಗಳ ಹಿಂದೆ ಇಟಲಿಯಲ್ಲಿ ಬಾಳಿದ ಗ್ವಿಡೋ ಎಂಬ ಸನ್ಯಾಸಿ, ಬಾಲಗಾಯಕರು ಹಾಡುಗಳನ್ನು ಕಂಠಪಾಠ ಮಾಡಲು ವರ್ಷಗಟ್ಟಲೆ ಬಳಲುವುದನ್ನು ಕಂಡು ಮರುಗಿ, ಸ್ನಾನಿಕ ಯೊವಾನ್ನರ ಸ್ತೋತ್ರವೊಂದರ ಮೊದಲಕ್ಷರಗಳಿಂದ ಸ್ವರಗಳಿಗೆ ಹೆಸರಿಟ್ಟನು. ಗೆರೆಗಳ ಮೇಲೆ ಸ್ವರ ಬರೆಯುವ ಪದ್ಧತಿಯನ್ನು ಸ್ಥಿರಗೊಳಿಸಿದನು. ಇಂದು ನಮ್ಮ ಗಾಯನ ಮಂಡಳಿಯ ಕೈಯಲ್ಲಿರುವ ಸ್ವರಲಿಪಿಯ ಹಾಳೆಗೆ ಅವನೇ ಮೂಲಪುರುಷ. ಕೃಷ್ಣಪ್ಪನವರ ಪರಂಪರೆ ಹಾಳೆಯನ್ನು ನಂಬದೆ ಕಿವಿಯನ್ನು ನಂಬಿತು. ದಾರಿಗಳು ಬೇರೆ. ಆದರೆ ಮಕ್ಕಳಿಗೆ ತಾಳ್ಮೆಯಿಂದ ಕಲಿಸದಿದ್ದರೆ ಹಾಡು ಒಂದು ತಲೆಮಾರಿನಲ್ಲಿ ಸತ್ತುಹೋಗುತ್ತದೆಂಬ ಭಯ ಇಬ್ಬರಿಗೂ ಇತ್ತು.

ಆ ಭಯ ಇಂದು ನಮಗಿರಬೇಕಾಗಿದೆ. ಹಬ್ಬ ಬಂದಾಗ ಯಂತ್ರದಿಂದ ಹಾಡು ಹೊಮ್ಮಿಸುವುದು ಸುಲಭ. ಗುಂಡಿಯೊತ್ತಿದರೆ ತಾಳವೂ ಬರುತ್ತದೆ, ಶ್ರುತಿಯೂ ಬರುತ್ತದೆ. ಆದರೆ ಗುಂಡಿಯೊತ್ತಿದರೆ ಶಿಷ್ಯನು ಬರುವುದಿಲ್ಲ. ನಮ್ಮ ಮದುವೆಯ ರೋಸಿನ ದಿನ ಗುಮಟೆ ಬಾರಿಸಿ ವೋವಿಯೊ ಹಾಡಬಲ್ಲ ಹಿರಿಯರು ಎಷ್ಟು ಮಂದಿ ಉಳಿದಿದ್ದಾರೆ? ಅವರ ಬಳಿ ಕುಳಿತು ಕಲಿತವರು ಯಾರು? ಶತಮಾನೋತ್ಸವದ ಸಂಭ್ರಮದಲ್ಲಿ ಈ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳುವುದು ಒಳಿತು.

ಭಾನುವಾರದ ಧರ್ಮೋಪದೇಶ ತರಗತಿಯ ಹಿಂದಿನ ಸಾಲಿನಲ್ಲಿ, ಹಳೆಯ ಅಂಗಿ ತೊಟ್ಟ ಮಗುವೊಂದು ತನ್ನಷ್ಟಕ್ಕೆ ಗುನುಗುತ್ತ ಕುಳಿತಿರಬಹುದು. ಗಲಾಟೆ ಮಾಡಬೇಡವೆಂದು ಗದರಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ಕ್ಷಣಕಾಲ ನಿಂತು ಕಿವಿಗೊಡುವವರು ಒಬ್ಬರಿದ್ದರೆ ಸಾಕು. ಮೈಸೂರಿನ ಆ ವರ್ತಕರು ಮಾಡಿದುದು ಅಷ್ಟೇ. ಅದರ ಫಲವಾಗಿ ಒಬ್ಬ ಕೃಷ್ಣಪ್ಪ, ಅವರಿಂದ ಒಬ್ಬ ಚೌಡಯ್ಯ, ಅವರಿಂದ ಎಷ್ಟೋ ಮಂದಿ ನಾಡಿಗೆ ದೊರೆತರು.

ನಮ್ಮ ಇಗರ್ಜಿಯ ಎರಡನೆಯ ಶತಮಾನದ ಹೊಸ್ತಿಲಿನಲ್ಲಿ ನಿಂತು, ಹಾಡಿದವರಿಗೂ ಹಾಡಲು ಕಲಿಸಿದವರಿಗೂ ಈ ಅಲ್ಪ ನುಡಿಕಾಣಿಕೆಯನ್ನು ನಾವು ಅರ್ಪಿಸುತ್ತೇವೆ. ಸಕಲ ನಾದಗಳ ಒಡೆಯನಾದ ದೇವರು, ನಮ್ಮ ಮಕ್ಕಳ ಕಂಠಕ್ಕೆ ಶ್ರುತಿಯನ್ನೂ ನಮ್ಮ ಹಿರಿಯರಿಗೆ ಕಲಿಸುವ ತಾಳ್ಮೆಯನ್ನೂ ಅನುಗ್ರಹಿಸಲೆಂದು ಬೇಡಿಕೊಳ್ಳುತ್ತೇವೆ.